ಹಿತ್ತಿಲ ಬೇಲಿಯೂ ಭಕ್ತನ ಆವರಣವೂ



ಕಳೆದ ಬೇಸಗೆಯಲ್ಲಿ ನಮ್ಮ ಮಠದ ಹಿತ್ತಿಲಲ್ಲಿ ಕರುವೊಂದು ಸತ್ತಿತು. ಹುಲ್ಲೆಲ್ಲ ಒಣಗಿದ್ದ ಕಾಲ. ಕಣ್ಣಿಗೆ ಹಸಿರಾಗಿ ಕಂಡುದು ಲಂಟಾನದ ಬೇಲಿಯೊಂದೇ. ಹಸಿದ ಕರು ಅದನ್ನು ನಂಬಿ ಮೇಯ್ದಿತು. ಆ ಎಲೆ ದನಕರುಗಳಿಗೆ ವಿಷವೆಂಬುದನ್ನು ನಾನು ಅರಿಯದವನಲ್ಲ. ಆದರೂ ವರ್ಷವರ್ಷವೂ ವಿದ್ಯಾರ್ಥಿಗಳಿಂದ ಅದರ ತುದಿಯನ್ನು ಸವರಿಸಿ, ಹೂವಿನ ಚೆಲುವನ್ನು ಮೆಚ್ಚಿ ಸುಮ್ಮನಿದ್ದೆನು. ಅಮೆರಿಕದ ಉಷ್ಣಪ್ರದೇಶದ ಈ ಗಿಡವು 19ನೆಯ ಶತಮಾನದ ಆದಿಭಾಗದಲ್ಲಿ ಅಲಂಕಾರಕ್ಕೆಂದು ಭರತಖಂಡಕ್ಕೆ ಬಂದಿತು. ಹಕ್ಕಿಗಳು ಬೀಜವನ್ನು ಹರಡಲು, ಅಡವಿಗಳನ್ನೇ ಆಕ್ರಮಿಸಿತು.

ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಬೇಲಿಯ ದೃಷ್ಟಾಂತವಿದೆ. ಕಾಯಬೇಕಾದುದೇ ಕೊಲ್ಲತೊಡಗಿದರೆ ದೂರುವುದು ಯಾರಲ್ಲಿ ಎಂಬುದೇ ಅದರ ತಿರುಳು. ಆ ಕರುವಿನ ಬಳಿ ನಿಂತಾಗ ಆ ಮಾತು ನನ್ನನ್ನೇ ಕುರಿತು ಆಡಿದಂತೆ ಕೇಳಿಸಿತು.

ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣಗಳು. ಆವರಣವೆಂದರೆ ಸುತ್ತಲಿನ ರಕ್ಷೆ. ಭಕ್ತಿಯೆಂಬ ತೋಟವನ್ನು ಕಾಯುವುದಕ್ಕಾಗಿ ಇವು ನಮಗೆ ದೊರೆತಿವೆ. ಹಣೆಯಲ್ಲಿ ವಿಭೂತಿಯನ್ನು ಧರಿಸಿದವನು ಹಸಿದು ಬಂದವನ ಕುಲವನ್ನು ಕೇಳಿ ಬಾಗಿಲಲ್ಲೇ ನಿಲ್ಲಿಸಿದರೆ, ದೋಷ ವಿಭೂತಿಯದಲ್ಲ. ಅದರ ಮರೆಯಲ್ಲಿ ಬೇರೂರಿದ ಅಹಂಕಾರದ್ದು. ಹಸಿರನ್ನು ನಂಬಿ ಬಂದವನಿಗೆ ಅದು ವಿಷವನ್ನೇ ಉಣಿಸುವುದು.

ಹಾಗಾದರೆ ಬೇಲಿಯೇ ಬೇಡವೆನ್ನೋಣವೇ? ಬೇಲಿಯಿಲ್ಲದ ತೋಟ ಒಂದೇ ದಿನದಲ್ಲಿ ಆಡುಗಳ ಪಾಲಾಗುವುದು. ಆದಕಾರಣ ನಾವು ಮುಂಗಾರಿಗೆ ಮೊದಲೇ ಗುದ್ದಲಿ ಹಿಡಿದೆವು. ಲಂಟಾನವನ್ನು ಕೊಯ್ದಷ್ಟೂ ಬುಡದಿಂದ ಚಿಗುರುವುದು. ಬೇರುಸಹಿತ ಕೀಳದೆ ಗತಿಯಿಲ್ಲ. ಅಹಂಕಾರವೂ ಹಾಗೆಯೇ. ತೆರವಾದ ಸಾಲಿನಲ್ಲಿ ಬಂದರೆ ಗಿಡದ ಸಸಿಗಳನ್ನು ನೆಟ್ಟೆವು. ಅದು ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಗಿಡ. ಬರವನ್ನು ತಾಳುವುದು, ದನಗಳು ಸಾಮಾನ್ಯವಾಗಿ ಅದಕ್ಕೆ ಬಾಯಿಡವು. ಸಸಿ ಬೆಳೆದು ಬೇಲಿಯಾಗುವವರೆಗೆ ಹೊರಗಡೆ ಒಣಮುಳ್ಳನ್ನು ಒಡ್ಡಿದ್ದೇವೆ. ಹೊಸ ಸಾಧಕನಿಗೆ ಗುರುವಾಕ್ಯವೇ ಆ ಮುಳ್ಳುಬೇಲಿ. ಅದು ಚುಚ್ಚುವುದು, ಆದರೆ ಕಾಯುವುದು.

ಮೊನ್ನೆ ವಿದ್ಯಾರ್ಥಿಯೊಬ್ಬನು, “ಅಯ್ಯನವರೇ, ಇದು ಸದಾ ಹಸಿರಾಗಿರುವ ಗಿಡವೆಂದಿರಿ, ಎಲೆ ಉದುರಿದೆಯಲ್ಲ?” ಎಂದು ಕೇಳಿದನು. ನಿತ್ಯಹಸಿರಿನ ಗಿಡಕ್ಕೂ ಎಲೆ ಉದುರುವುದು, ಮಗು. ಎಲ್ಲವೂ ಒಮ್ಮೆಗೇ ಉದುರುವುದಿಲ್ಲ. ಹಳೆಯದು ಬೀಳುತ್ತಿರುವಾಗಲೇ ಹೊಸದು ಮೂಡುತ್ತಿರುತ್ತದೆ. ಆಚಾರದ ನಿತ್ಯತೆಯೂ ಇಷ್ಟೇ. ನಿನ್ನೆಯ ಪೂಜೆ ಇಂದಿಗೆ ಸಾಲದು. ನಿನ್ನೆಯ ದಾಸೋಹ ಇಂದಿನ ಹಸಿವನ್ನು ನೀಗದು.

ಶರಣಬಂಧುಗಳೇ, ಈ ಮಳೆಗಾಲದಲ್ಲಿ ನಿಮ್ಮ ನಿಮ್ಮ ಬೇಲಿಯನ್ನು ಒಮ್ಮೆ ನೋಡಿಕೊಳ್ಳಿರಿ. ಅದು ತೋಟವನ್ನು ಕಾಯುತ್ತಿದೆಯೋ, ಬಾಗಿಲಿಗೆ ಬಂದ ಜೀವವನ್ನು ನೋಯಿಸುತ್ತಿದೆಯೋ? ಕರು ಸತ್ತ ಮೇಲೆ ಅರಿತ ನನ್ನಂತೆ ನೀವು ತಡಮಾಡಬೇಡಿರಿ.