ಗುಜರಿಯ ಕಬ್ಬಿಣವೂ ಕಾಯಕಶುದ್ಧಿಯೂ



ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಹಿಡಿಯುವ ಕತ್ತಿ ಗುದ್ದಲಿಗಳೆಲ್ಲವೂ ಅಂಗಡಿಯಿಂದ ಬಂದುವಲ್ಲ. ಶಿರಾಡಿ ಘಾಟಿಯನ್ನು ಹತ್ತಿಳಿದು ದಣಿದ ಲಾರಿಯ ಸ್ಪ್ರಿಂಗ್ ಪಟ್ಟಿಯು ಕಮ್ಮಾರನ ಕುಲುಮೆಯಲ್ಲಿ ಕತ್ತಿಯಾಗುತ್ತದೆ. ಸವೆದ ಅರವು ಉಳಿಯಾಗುತ್ತದೆ. ಲೋಕವು ಗುಜರಿಯೆಂದು ಎಸೆದುದನ್ನು ಸಾಧನವಾಗಿಸುವ ಈ ಕಾಯಕವು ಶ್ಲಾಘ್ಯವಾದುದು.

ಅದರ ಕ್ರಮವನ್ನು ನೋಡಿರಿ. ಪಟ್ಟಿಯ ಉಕ್ಕು ಬಲು ಗಡುಸು. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂಳಿ ಮೆಲ್ಲನೆ ಆರಿಸಿದರೆ ಅದು ಮೆದುವಾಗಿ ಅರಕ್ಕೆ ಒಗ್ಗುತ್ತದೆ. ರೂಪುಗೊಂಡ ಮೇಲೆ, ಸೂಜಿಗಲ್ಲಿಗೂ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಗಾಜಿನಂತೆ ಗಡುಸಾಗಿ, ಪೆಟ್ಟು ಬಿದ್ದರೆ ಒಡೆಯುವಂತಾಗುತ್ತದೆ. ಮತ್ತೊಮ್ಮೆ ಒಣಹುಲ್ಲಿನ ಬಣ್ಣವೇರಿ ಕಂದಾಗುವವರೆಗೆ ಹಿತವಾಗಿ ಕಾಯಿಸಿದರೇ ಹದ. ಹೀಗೆ ಉಕ್ಕಿನ ಮೆದುವನ್ನೂ ಗಡುಸನ್ನೂ ಬೆಂಕಿಯು ತಿದ್ದೀತು. ಅದು ಬಂದ ದಾರಿಯನ್ನು ತಿದ್ದಲಾರದು.

ಇದನ್ನು ನಾವು ಕಲಿತುದು ನಮ್ಮ ತಪ್ಪಿನಿಂದಲೇ. ಶಾಲೆಯ ಕೈತೋಟಕ್ಕೆ ಕತ್ತಿ ಬೇಕಾಗಿ, ಗುಜರಿ ಕಬ್ಬಿಣ ತನ್ನಿರೆಂದು ಹುಡುಗರಿಗೆ ಹೇಳಿದ್ದೆವು. ಒಬ್ಬನು ತಂದ ಪಟ್ಟಿಯನ್ನು ತಿರುಗಿಸಿ ನೋಡಿದ ಕಮ್ಮಾರನು, "ಅಯ್ಯನವರೇ, ಇದರಲ್ಲಿ ಸವೆತವಿಲ್ಲ. ಇದು ಬಿದ್ದುದಲ್ಲ, ಎತ್ತಿದ್ದು" ಎಂದನು. ಕೆಲಸದ ಆತುರದಲ್ಲಿ ನಾವು, "ಇರಲಿ, ಕಾಯಿಸು" ಎಂದೆವು. ಕತ್ತಿ ಸೊಗಸಾಗಿಯೇ ಬಂದಿತು.

ಮರುದಿನದ ಪಾಠ ಆಯ್ದಕ್ಕಿ ಮಾರಯ್ಯ ದಂಪತಿಗಳದು. 12ನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಆ ಶರಣನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಆ ಅಕ್ಕಿ ಕದ್ದುದಲ್ಲ, ಬಿದ್ದುದೇ. ಆದರೂ ಅಗತ್ಯವನ್ನು ಮೀರಿದುದು ಆಕೆಗೆ ಬೇಡವಾಯಿತು. ಹಾಗಾದರೆ ನಮ್ಮ ಕತ್ತಿಯ ಮಾತೇನು? ಪಾಠ ಮುಂದುವರಿಯಲಿಲ್ಲ; ನಮ್ಮ ನಾಲಗೆ ತಡವರಿಸಿತು. ಹುಡುಗನು ತಲೆ ತಗ್ಗಿಸಿದನು.

ಅಂದು ಸಂಜೆ ಇಬ್ಬರೂ ಆ ಪಟ್ಟಿಯ ಒಡೆಯನಲ್ಲಿಗೆ ಹೋದೆವು. ತನ್ನ ಗಾಡಿಗೆಂದು ಸೂರಿನಡಿ ಇರಿಸಿದ್ದ ಪಟ್ಟಿಯದು. ಬೆಲೆ ತೆತ್ತು, ಕತ್ತಿಯನ್ನೂ ಒಪ್ಪಿಸಿ, ಕ್ಷಮೆ ಬೇಡಿದೆವು. ತಪ್ಪು ಹುಡುಗನದೊಂದೇ ಅಲ್ಲ, ಕೇಳದೆ ಕಾಯಿಸಲು ಹೇಳಿದ ನಮ್ಮದು ಹಿರಿದೆಂದು ಅವನೆದುರಿಗೇ ನುಡಿದೆವು.

ಗೃಹಸ್ಥ ಬಂಧುಗಳೇ, ಎಸೆದುದನ್ನು ಆಯ್ದು ಬಾಳಿಗೆ ತರುವುದು ಕಾಯಕ. ಇರಿಸಿದುದನ್ನು ಎಸೆದುದೆಂದು ಬಗೆವುದು ಕಳವು. ನಿಮ್ಮ ಮನೆಯ ಮಕ್ಕಳು ಕಬ್ಬಿಣದ ಚೂರೊಂದನ್ನು ತಂದಾಗ, ಭೇಷ್ ಎನ್ನುವ ಮೊದಲು ಎಲ್ಲಿಯದೆಂದು ಕೇಳಿರಿ. ಶುದ್ಧವಾಗಿ ಬಂದ ಕಬ್ಬಿಣದಿಂದಾದ ಕತ್ತಿಯೇ ದಾಸೋಹದ ತೋಟಕ್ಕೆ ಯೋಗ್ಯವಾದುದು.