ಕೇಳದೇ ಕೊಂಡ ಸದ್ದು

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಕೈಯಲ್ಲಿ 60 ಸಾವಿರ ರೂಪಾಯಿ ಮಿಕ್ಕಿತ್ತು. ಸಾಲದ ಕಂತು, ಮಗಳ ಶಾಲೆಯ ಫೀಸು, ಊರಿನ ಮನೆಯ ಹೆಂಚಿನ ರಿಪೇರಿ ಎಲ್ಲ ಕಳೆದು ಉಳಿದ ದುಡ್ಡು. ಹೀಗೆ ಮಿಕ್ಕುವುದು ನಮ್ಮಂಥವರ ಮನೆಯಲ್ಲಿ ಅಪರೂಪ. ಹೋಮ್ ಥಿಯೇಟರ್ ಕೊಳ್ಳೋಣ ಎಂದೆ. ಹೆಂಡತಿ ಹುಬ್ಬೇರಿಸಿದಾಗ, "ಅಪ್ಪ ದಿನವಿಡೀ ಟೀವಿ ಮುಂದೆ ಕೂತಿರ್ತಾರೆ, ಪಾಪ ಅವರಿಗೆ ಸರಿಯಾಗಿ ಕೇಳಿಸಲ್ಲ. ಅವರಿಗೋಸ್ಕರ" ಎಂದೆ. ಆ ಮಾತು ಸುಳ್ಳೆಂದು ಹೇಳುವಾಗ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದ ಸುಳ್ಳಿಗೆ ನಾವೆಷ್ಟು ಹೊಣೆ ಎಂಬುದನ್ನು ಆಮೇಲೆ ಬಹಳ ದಿನ ಯೋಚಿಸಿದ್ದೇನೆ.

ಎರಡು ತಿಂಗಳು ಓದಿದೆ. ಎಷ್ಟು ಓಮ್, ಎಷ್ಟು ವ್ಯಾಟ್, ಕೋನು ಕಾಗದದ್ದೋ ಪ್ಲಾಸ್ಟಿಕ್ಕಿನದೋ ಎಲ್ಲ ಬಾಯಿಪಾಠವಾಯಿತು. 5.1 ಅಂದರೇನೆಂದು ತಿಳಿಯದವರಿಗೆ ಒಂದು ಮಾತು: ಟೀವಿಯ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಕೂತವರ ಅಕ್ಕಪಕ್ಕ ಹಿಂದಕ್ಕೆ ಎರಡು; ಒಟ್ಟು ಐದು ಸ್ಪೀಕರು. ಚುಕ್ಕಿಯ ನಂತರದ ಆ ಒಂದು, ಸಬ್‌ವೂಫರ್. ಗುಡುಗು, ಸ್ಫೋಟ, ಆನೆಯ ಹೆಜ್ಜೆ ಇಂಥ ತಗ್ಗಿನ ಸದ್ದಿಗೆಂದೇ ಇರುವ ದೊಡ್ಡ ಪೆಟ್ಟಿಗೆ. ಸಿನಿಮಾದ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಇದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ದುಡ್ಡು ಹಂಚಿದ್ದು ಹೀಗೆ: ಆಂಪ್ಲಿಫೈಯರಿಗೆ 28 ಸಾವಿರ, ಸಬ್‌ವೂಫರಿಗೆ 15 ಸಾವಿರ, ಉಳಿದ 17 ಸಾವಿರದಲ್ಲಿ ಐದು ಸ್ಪೀಕರು. ಮಾತು ಬರಬೇಕಾದ ಆ ನಡುವಿನದು ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೆ.

ಯಾಕೆ ಹಾಗೆ ಹಂಚಿದೆ? ಅಂಗಡಿಯ ಡೆಮೊ ಕೋಣೆಯಲ್ಲಿ ಕತ್ತಲಿತ್ತು, ಮೆತ್ತನೆಯ ಕುರ್ಚಿಯಿತ್ತು. ಬೆನ್ನ ಹಿಂದಿನಿಂದ ಒಂದು ಹೆಲಿಕಾಪ್ಟರು ಬಂತು, ಆಮೇಲೊಂದು ಸ್ಫೋಟ. ಹಾಕಿಕೊಂಡಿದ್ದ ಅಂಗಿ ಅಲುಗಿತು. ಅಂಥ ಕೋಣೆಗಳಲ್ಲಿ ತಾಯಿಯೊಬ್ಬಳು ಮಗನಿಗೆ ಮೆಲ್ಲಗೆ ಏನೋ ಹೇಳುವ ದೃಶ್ಯ ಹಾಕಿ, "ನೋಡಿ ಸರ್, ಒಂದೊಂದು ಪದವೂ ಹೆಂಗೆ ಬಿಡಿಸಿ ಕೇಳುತ್ತೆ" ಎಂದು ಮಾರುವವರನ್ನು ನಾನು ಕಂಡಿಲ್ಲ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ತೀರಾ ಮಂದವಾಗಿ ಕೇಳುತ್ತವೆ, ಸದ್ದು ಏರಿದಂತೆಲ್ಲ ಅವು ತುಂಬಿಕೊಳ್ಳುತ್ತವೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಒಂದೇ ಹಾಡು ಜೋರಾಗಿದ್ದಾಗ ಹೆಚ್ಚು ಚೆನ್ನಾಗಿದೆ ಅನ್ನಿಸುತ್ತದೆ. ಅಂಗಡಿಯವರು ಮೋಸ ಮಾಡಿದರು ಎನ್ನಲಾರೆ. ನನ್ನ ಕಿವಿ ಏನು ಬೇಡಿ ಹೋಗಿತ್ತೋ ಅದನ್ನು ಅವರು ಬಡಿಸಿದರು.

ನಾವು ಜೋರನ್ನೇ ಗುಣವೆಂದು ಅಳೆಯಲು ಕಲಿತವರು ಕೂಡ. ಟೇಪ್‌ರೆಕಾರ್ಡರಿನ ಕಾಲದಲ್ಲಿ ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟಿನ ಅಂಕಿ ಇರುತ್ತಿತ್ತು. ಹಿಂಬದಿಯ ಸಣ್ಣ ಚೀಟಿ ನೋಡಿದರೆ ಅದು ಎಳೆಯುತ್ತಿದ್ದ ಕರೆಂಟು ಒಂದು ಬಲ್ಬಿನಷ್ಟು. ಬಾವಿಯಲ್ಲಿಲ್ಲದ ನೀರು ಕೊಡದಲ್ಲಿ ಬಂತು ಎಂದರೆ ನಂಬದ ನಾವು, ಆ ಅಂಕಿಯನ್ನು ನಂಬಿದೆವು.

ಪೆಟ್ಟಿಗೆಗಳು ಮನೆಗೆ ಬಂದವು. ಮೊದಲ ದಿನ ಅಪ್ಪ ಸೋಫಾದಲ್ಲಿ ನೆಟ್ಟಗೆ ಕೂತು ಅರ್ಧ ಗಂಟೆ ನೋಡಿದರು. "ಚೆನ್ನಾಗದೆ ಕಣಪ್ಪ" ಎಂದು ಎದ್ದುಹೋದರು. ಎರಡನೆಯ ದಿನ ಹತ್ತು ನಿಮಿಷ. ವಾರದ ಹೊತ್ತಿಗೆ, ನಾನು ಸಿನಿಮಾ ಹಾಕಿದರೆ ಸಾಕು, ನಿದ್ದೆ ಬರುತ್ತದೆಂದು ರೂಮಿಗೆ ಹೋಗತೊಡಗಿದರು. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಅವರ ರೂಮಿನ ಬಾಗಿಲಲ್ಲಿ ನಿಂತೆ. ಅಪ್ಪ ಹಾಸಿಗೆಯ ಮೇಲೆ ಕೂತು ಮೊಬೈಲನ್ನು ಬಲಗಿವಿಗೆ ಒತ್ತಿಕೊಂಡಿದ್ದರು. ಯಾರಿಗೋ ಫೋನು ಮಾಡಿದ್ದಾರೆ ಅಂದುಕೊಂಡೆ. ಅದರಲ್ಲಿ ರಾಜ್‌ಕುಮಾರ್ ಸಿನಿಮಾ ಓಡುತ್ತಿತ್ತು. ಚಿತ್ರ ಕಿವಿಯ ಪಕ್ಕದಲ್ಲಿ, ಯಾರಿಗೂ ಕಾಣದ ಹಾಗೆ. ಅವರು ಗೋಡೆ ನೋಡುತ್ತಾ ಮಾತು ಕೇಳುತ್ತಿದ್ದರು.

ಆ ಭಾನುವಾರವೇ, ಬೆಳಗ್ಗೆ ಹನ್ನೊಂದಕ್ಕೆ, ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯ ಹುಡುಗಿ. ಆಸ್ಪತ್ರೆಯಲ್ಲಿ ನರ್ಸು. ಕಣ್ಣು ಕೆಂಪಾಗಿತ್ತು. "ಅಣ್ಣಾ, ಸಿನಿಮಾ ನೋಡ್ಬೇಡಿ ಅಂತಲ್ಲ. ನಂಗೆ ನೈಟ್ ಡ್ಯೂಟಿ, ಈಗ ಬಂದು ಮಲಗಿದ್ದೆ. ಒಂದು ಮಾತೂ ಕೇಳಲ್ಲ ನಂಗೆ, ಬರೀ ಗುದ್ದು. ಮಂಚ ನಡುಗುತ್ತೆ" ಎಂದಳು. ಕ್ಷಮೆ ಕೇಳಿದೆ, ಬಾಗಿಲು ಹಾಕಿದೆ. ಹಾಕಿದ ಮೇಲೆ ಮನಸ್ಸಿನಲ್ಲಿ ಎದ್ದ ಮೊದಲ ಮಾತನ್ನು ಮುಚ್ಚಿಡುವುದಿಲ್ಲ: ನನ್ನ ಮನೆ, ನನ್ನ ದುಡ್ಡು, ಹಗಲು ಹನ್ನೊಂದು ಗಂಟೆ.

ಈ ವಾದಕ್ಕೆ ಕಾನೂನಿನ ಆಸರೆಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗ್ಗೆ ಆರು. ಆದರೆ ಆ ಹುಡುಗಿಯ ರಾತ್ರಿ ಶುರುವಾಗುವುದೇ ಬೆಳಗ್ಗೆ ಒಂಬತ್ತಕ್ಕೆ. ನಮ್ಮಂಥವರ ಮನೆಯ ಯಾರೋ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎಚ್ಚರವಿರಲೆಂದೇ ಅವಳ ರಾತ್ರಿ ಹಗಲಿಗೆ ಸರಿದಿದೆ. ಎಲ್ಲರಿಗೂ ಒಂದೇ ಗಡಿಯಾರ ಕಟ್ಟುವುದು ಕಾನೂನಿಗೆ ಅನಿವಾರ್ಯ. ನೆರೆಯವನಾದ ನನಗೆ ಆ ಅನಿವಾರ್ಯವಿಲ್ಲ. ಒಂದು ಮಹಡಿ ಇಳಿದರೆ ಅವಳ ಗಡಿಯಾರ ಯಾವುದೆಂದು ನನಗೆ ತಿಳಿಯುತ್ತದೆ.

ಅವಳು ಹೇಳಿದ "ಒಂದು ಮಾತೂ ಕೇಳಲ್ಲ, ಬರೀ ಗುದ್ದು" ಎಂಬುದನ್ನು ಮೊದಲು ಸಿಟ್ಟಿನ ಮಾತು ಅಂದುಕೊಂಡಿದ್ದೆ. ಅದು ಭೌತಶಾಸ್ತ್ರ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸೆಕೆಂಡಿಗೆ 40 ಸಲ ಕಂಪಿಸುವ ತಗ್ಗಿನ ಸ್ವರದ ಒಂದು ಅಲೆ ಎಂಟು ಮೀಟರಿಗೂ ಉದ್ದ. ನಮ್ಮ ಹಾಲಿಗಿಂತ ಉದ್ದ. ಗೋಡೆ, ನೆಲ, ಬಾಗಿಲು ಮೇಲಿನ ಸ್ವರಗಳನ್ನು ಚೆನ್ನಾಗಿಯೇ ತಡೆಯುತ್ತವೆ, ಇಂಥ ಅಲೆಯನ್ನು ತಡೆಯಲಾರವು. ಅದರೊಡನೆ ತಾವೂ ನಡುಗುತ್ತವೆ. ಪದಗಳನ್ನು ಬಿಡಿಸಿ ತೋರಿಸುವ ಸ್ವರಗಳೆಲ್ಲ ಮೇಲಿನವು. ಹಾಗಾಗಿ ನನ್ನ ಸಿನಿಮಾದ ಅರ್ಥ ನನ್ನ ಹಾಲಿನಲ್ಲೇ ಉಳಿಯುತ್ತದೆ, ಅದರ ಗುದ್ದು ಮಾತ್ರ ನೆಲ ದಾಟಿ ಕೆಳಗಿಳಿಯುತ್ತದೆ. ಸುಖ ನನಗೆ, ಹೊಟ್ಟು ಅವಳಿಗೆ. ಸೋಫಾ ಕೊಂಡಿದ್ದರೆ ಅದರ ಮೆತ್ತೆಯೂ ನನ್ನದೇ, ಅದರ ತಿಗಣೆಯೂ ನನ್ನದೇ. ಸ್ಪೀಕರು ಹಾಗಲ್ಲ. ಅದರ ಬೆಲೆಯ ಒಂದು ಕಂತನ್ನು ರಸೀದಿಯಲ್ಲಿ ಹೆಸರಿಲ್ಲದವರು ಕಟ್ಟುತ್ತಾರೆ.

ಹಾಗಾದರೆ ಸದ್ದೇ ಮಾಡಬಾರದೇ? ಹಾಗೆಂದು ನಾನು ಒಪ್ಪುವುದಿಲ್ಲ. ಕುಕ್ಕರು ಕೂಗದ, ಮಗು ಅಳದ, ಮಿಕ್ಸಿ ತಿರುಗದ ಕಟ್ಟಡ ಮನೆಯಾಗಲಾರದು. ಮಕ್ಕಳು ಕಾರಿಡಾರಿನಲ್ಲಿ ಆಡಬಾರದೆಂದು ಬೋರ್ಡು ಹಾಕುವವರ ನಿಶ್ಶಬ್ದದಲ್ಲೂ ಒಂದು ಕ್ರೌರ್ಯವಿದೆ. ಬೀದಿಯ ಮೆರವಣಿಗೆ, ಮದುವೆಯ ಡಿಜೆ, ಚುನಾವಣೆಯ ಮೈಕು ಇಷ್ಟೆಲ್ಲ ಇರುವಾಗ ನಾನೊಬ್ಬನೇ ಏಕೆ ತಗ್ಗಬೇಕು ಎಂಬ ಪ್ರಶ್ನೆಯೂ ಬಂತು. ಆದರೆ ಆ ಮೈಕಿನವರ ಮೇಲೆ ನನ್ನ ದೂರು ಇಷ್ಟೇ ತಾನೆ: ಅವರು ನನ್ನನ್ನು ಕೇಳಲಿಲ್ಲ.

ಈ ಪದದ ಹತ್ತಿರ ಬಂದು ನಿಂತೆ. ನಮ್ಮ ಭಾಷೆಯಲ್ಲಿ ಕಿವಿಯ ಕೆಲಸಕ್ಕೂ ಪ್ರಶ್ನೆಯ ಕೆಲಸಕ್ಕೂ ಇರುವುದು ಒಂದೇ ಪದ, ಕೇಳು. ಹಾಡನ್ನೂ ಕೇಳುತ್ತೇವೆ, ಕ್ಷೇಮವನ್ನೂ ಕೇಳುತ್ತೇವೆ. ಎರಡು ತಿಂಗಳಲ್ಲಿ ಹದಿನೈದು ಜೊತೆ ಸ್ಪೀಕರು ಕೇಳಿದವನು ಕೆಳಮನೆಯವರನ್ನು ಒಂದು ಸಲ ಕೇಳಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಯಾರ ಹೆಸರಿನಲ್ಲಿ ಕೊಂಡೆನೋ ಆ ಅಪ್ಪನನ್ನೂ ಕೇಳಿರಲಿಲ್ಲ.

ಆ ಸಂಜೆ ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸೌಂಡು ಕೇಳ್ತದೆ ಕಣಪ್ಪ, ಮಾತು ಕೇಳಲ್ಲ. ನೀನು ಅಷ್ಟು ಖರ್ಚು ಮಾಡಿ ತಂದಿದ್ದೀಯ, ಏನಂತ ಹೇಳ್ಲಿ."

ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವರು. ಹಳೆಯ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರಿನ ಎಡಗಡೆಯೇ ಇರುತ್ತಿತ್ತು. ಕಿವಿ ಪರೀಕ್ಷೆ ಮಾಡಿದ ಡಾಕ್ಟರು ಒಂದು ನಕ್ಷೆ ತೋರಿಸಿದರು: ತಗ್ಗಿನ ಸ್ವರಗಳಲ್ಲಿ ಗೆರೆ ಸುಮಾರಾಗಿ ನೆಟ್ಟಗಿದೆ, ಎರಡು ಸಾವಿರ ಹರ್ಟ್ಸ್ ದಾಟಿದ ಮೇಲೆ ಬೆಟ್ಟದಿಂದ ಉರುಳಿದಂತೆ ಕೆಳಗಿಳಿಯುತ್ತದೆ, ಎಡಗಿವಿಯದು ಇನ್ನೂ ಆಳಕ್ಕೆ. ವಯಸ್ಸೂ ಇದೆ, ಎಂಜಿನ್ನೂ ಇದೆ ಎಂದರು. ಅ, ಆ, ಓ ಇವುಗಳ ಬಲವೆಲ್ಲ ತಗ್ಗಿನ ಕಡೆ. ಸ, ಶ, ತ, ಕ ಇವುಗಳ ಗುರುತು ಮೇಲಿನ ಕಡೆ. ಅಂಥ ಕಿವಿಗೆ ಸಾಲವೂ ಕಾಲವೂ ಶಾಲೆಯೂ ಹೆಚ್ಚುಕಡಿಮೆ ಒಂದೇ. ಅವರಿಗೆ ಚೆನ್ನಾಗಿ ಕೇಳುತ್ತಿದ್ದ ತಗ್ಗಿನ ಸದ್ದಿಗೇ ನಾನು 15 ಸಾವಿರ ಸುರಿದಿದ್ದೆ. ಅವರಿಗೆ ಉಳಿದಿದ್ದ ಒಂದಿಷ್ಟು ಮಾತನ್ನು ಆ ಗುಡುಗಿನಡಿ ಮುಚ್ಚಿಹಾಕಿದ್ದೆ. ಹಿಯರಿಂಗ್ ಏಡ್ ಒಂದು ಕಿವಿಗೆ 32 ಸಾವಿರ ಎಂದರು. ಎರಡಕ್ಕೆ ಕೂಡಿಸಿದೆ. ಹತ್ತಿರಹತ್ತಿರ ನಾನು ಅಪ್ಪನಿಗೋಸ್ಕರ ಖರ್ಚು ಮಾಡಿದ್ದಷ್ಟೇ.

ನನ್ನ ಮಾತು ಸುಳ್ಳಾಗಿದ್ದರೆ ಅದು ನನಗೆ ಗೊತ್ತಾಗಲಿಲ್ಲ ಏಕೆ? ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವವೇ ಸ್ಪೀಕರುಗಳನ್ನು ಅವವೇ ಜನರಿಗೆ ಒಮ್ಮೆ ಕಾಣದಂತೆ ಮರೆಮಾಡಿ, ಒಮ್ಮೆ ಕಾಣುವಂತಿಟ್ಟು ಕೇಳಿಸಿದರು. ಕಂಡಾಗ ಕೊಟ್ಟ ಅಂಕವೇ ಬೇರೆಯಾಯಿತು. ಗಾತ್ರ, ರೂಪ, ಬೆಲೆ ಕಿವಿಯೊಳಗೆ ಸೇರಿಕೊಂಡಿದ್ದವು. ಆ ಜನ ಸುಳ್ಳು ಹೇಳಿರಲಿಲ್ಲ. ತಮಗೆ ಕೇಳಿದ್ದನ್ನೇ ಹೇಳಿದ್ದರು. ಮರೆ ಎಳೆಯದಿದ್ದರೆ ಆಸೆಗೂ ಕಿವಿಗೂ ಗಡಿ ಎಲ್ಲಿದೆಯೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ನನಗೆ ಅನ್ನಿಸುವುದು, ಪ್ರೀತಿಗೂ ಇಂಥದೊಂದು ಮರೆಯ ಪರೀಕ್ಷೆ ಬೇಕು. ಅಪ್ಪನಿಗೋಸ್ಕರ ಎಂದಾಗ ನನ್ನ ಕಣ್ಣ ಮುಂದೆ ಅಪ್ಪ ಇರಲಿಲ್ಲ. ಆ ಕತ್ತಲ ಕೋಣೆಯೂ ಅಲುಗಿದ ಅಂಗಿಯೂ ಇತ್ತು. ಅದನ್ನು ಅರಿಯಲು ನನ್ನೊಳಗೆ ಎಷ್ಟು ಇಣುಕಿದರೂ ಆಗುತ್ತಿರಲಿಲ್ಲ. ಅಪ್ಪನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಗೊತ್ತಿಲ್ಲದೆ ಹೇಳಿದ ಸುಳ್ಳಿಗೆ ನಾವು ಹೊಣೆಯೋ ಎಂಬ ನನ್ನ ಪ್ರಶ್ನೆಗೆ ಸದ್ಯದ ಉತ್ತರ ಇಷ್ಟು: ಕೇಳಿದ್ದರೆ ಗೊತ್ತಾಗುತ್ತಿತ್ತು ಎಂದಾದರೆ, ಹೊಣೆ.

ಸಬ್‌ವೂಫರನ್ನೂ ಹಿಂದಿನ ಎರಡು ಸ್ಪೀಕರುಗಳನ್ನೂ 11 ಸಾವಿರಕ್ಕೆ ಮಾರಿದೆ. ಅದಕ್ಕೆ ಸ್ವಲ್ಪ ಸೇರಿಸಿ ನಡುವಿನದಕ್ಕೆ ಬೇರೆ ಸ್ಪೀಕರು ತಂದೆ, ಮಾತು ಬಿಡಿಸಿ ಹೇಳುವಂಥದ್ದು. ಕೊಳ್ಳುವಾಗ ವಾರ್ತೆ ಹಾಕಿಸಿ ಕೇಳಿದೆ, ಅಪ್ಪ ಪಕ್ಕದಲ್ಲಿದ್ದರು. ತಮಾಷೆಯೆಂದರೆ, ಅವರು ಮತ್ತೆಮತ್ತೆ ನೋಡುವ 1972ರ 'ಬಂಗಾರದ ಮನುಷ್ಯ'ದಂಥ ಸಿನಿಮಾಗಳ ಮೂಲ ಧ್ವನಿ ಮೋನೋ. ಅವಕ್ಕೆ ಬೇಕಿರುವುದು ಒಂದೇ ಸ್ಪೀಕರು. ಬಲಗಿವಿಗೆ ಒಂದು ಹಿಯರಿಂಗ್ ಏಡ್ ಕಂತಿನಲ್ಲಿ ಬಂತು. ಅದು ಪವಾಡವನ್ನೇನೂ ಮಾಡಲಿಲ್ಲ. ಪಾತ್ರೆಯ ಸದ್ದು ಚುಚ್ಚುತ್ತದೆಂದು ಅಪ್ಪ ಅರ್ಧ ದಿನ ಅದನ್ನು ತೆಗೆದು ಡಬ್ಬಿಯಲ್ಲಿಡುತ್ತಾರೆ. ಎಡಗಿವಿಗೆ ಇನ್ನೂ ದುಡ್ಡು ಕೂಡಬೇಕು. ಆ ಗುಡುಗು ನನಗೆ ಈಗಲೂ ಬೇಕೆನ್ನಿಸುತ್ತದೆ, ಅದನ್ನೂ ಸುಳ್ಳು ಹೇಳಲಾರೆ.

ಫ್ರಿಜ್ಜಿನ ಬಾಗಿಲಿಗೆ ಈಗ ಒಂದು ಚೀಟಿ ಅಂಟಿದೆ, ಕೆಳಮನೆಯ ಹುಡುಗಿಯ ಆ ತಿಂಗಳ ಡ್ಯೂಟಿ ಪಟ್ಟಿ. ಕೇಳಿದಾಗ ನಗುತ್ತಾ ಬರೆದುಕೊಟ್ಟಳು. ಹೋದ ಶನಿವಾರ ಮಧ್ಯಾಹ್ನ ಪಟ್ಟಿ ನೋಡಿಯೇ ಸಿನಿಮಾ ಹಾಕಿ, ಸದ್ದು ತಗ್ಗಿಸಿಟ್ಟಿದ್ದೆ. ಅಪ್ಪ ಮುಂದಕ್ಕೆ ಬಾಗಿ, ಬಲಗಿವಿ ತಿರುಗಿಸಿ ಕೂತಿದ್ದರು. ಇದ್ದಕ್ಕಿದ್ದಂತೆ ನನ್ನ ಕಡೆ ನೋಡಿ, "ಇನ್ನೊಂಚೂರು ಕಮ್ಮಿ ಮಾಡೋ, ಕೆಳಗೆ ಆ ಮಗು ಮಲಗಿರ್ತದೆ" ಎಂದರು.

ಕಮ್ಮಿ ಮಾಡಿದೆ.