ದೈವಕರೆ ಬಂದಾಗ ಮನೆಯವರ ಗತಿಯೇನು?

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡು ನೋಡಲು ಹೋಗುವ ಭಕ್ತಾದಿಗಳು ಬಸ್ತಿಹಳ್ಳಿಯ ಬಸದಿಯಲ್ಲಿ ಎಲ್ಲವನ್ನೂ ಬಿಟ್ಟು ನಿಂತ ಪಾರ್ಶ್ವನಾಥನಿಗೆ ಕೈಮುಗಿಯುತ್ತಾರೆ. ಬಿಟ್ಟು ಹೋದವರಿಗೆ ಕೈಮುಗಿಯುವುದು ಸುಲಭ. ಆದರೆ ತಮ್ಮ ಮನೆಯ ಮಗನೋ ಮಗಳೋ "ನಾನು ದೇವರ ಸೇವೆಗೆ ಹೋಗ್ತೀನಿ" ಅಂದರೆ ಹೆತ್ತವರ ಎದೆ ಝಲ್ ಎನ್ನುತ್ತದೆ.

ಕಥೋಲಿಕ ಕ್ರೈಸ್ತರಲ್ಲಿ ಇದಕ್ಕೆ ದೈವಕರೆ ಎಂದು ಹೆಸರು. ಕರೆಗೆ ಓಗೊಟ್ಟವರು ಗುರುಗಳಾಗುತ್ತಾರೆ, ಇಲ್ಲವೇ ಮಠ ಸೇರಿ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ಹಿಡಿಯುತ್ತಾರೆ. ಆದರೆ ಕರೆದವನು ದೇವರೇ ಎಂದು ತಿಳಿಯುವುದು ಹೇಗೆ?

ಬೈಬಲಿನಲ್ಲಿ ಬಾಲಕ ಸಮುವೇಲನ ಕಥೆ ಇದೆ. ರಾತ್ರಿ ದೇವರು ಹೆಸರು ಹಿಡಿದು ಕರೆದರೆ, ಹುಡುಗ ಮುದುಕ ಗುರು ಏಲಿಯೇ ಕರೆದನೆಂದು ತಿಳಿದು ಅವನ ಹತ್ತಿರ ಓಡಿದ. ಹೀಗೆ ಮೂರು ಸಲ ಆಯಿತು. ಇದು ದೇವರ ಧ್ವನಿ ಎಂದು ಗುರುತು ಹಿಡಿದದ್ದು ಏಲಿಯೇ ಹೊರತು ಹುಡುಗನಲ್ಲ. ಕರೆ ಒಬ್ಬನ ಕಿವಿಗೆ ಬಿದ್ದರೂ ಅದನ್ನು ತೂಗಿ ನೋಡಲು ಇನ್ನೊಬ್ಬ ಹಿರಿಯ ಬೇಕು. ಅದಕ್ಕೇ ಧರ್ಮಸಭೆ ಅವಸರ ಮಾಡುವುದಿಲ್ಲ. ಗುರುವಾಗುವವನು ಗುರುಮಠದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕಡೇಪಕ್ಷ ೬ ವರ್ಷ ಓದಬೇಕು. ೨೫ ತುಂಬುವ ಮುಂಚೆ ಸಾಮಾನ್ಯವಾಗಿ ಗುರುದೀಕ್ಷೆ ಇಲ್ಲ. ಈ ನಡುವೆ ಕೆಲವರು ಮನೆಗೆ ವಾಪಸು ಬರುತ್ತಾರೆ. ಊರಿನವರು ಅವರನ್ನು ಸೋತು ಬಂದವರಂತೆ ನೋಡುವುದು ತಪ್ಪು. ಪರೀಕ್ಷಾಕಾಲ ಇಟ್ಟಿರುವುದೇ ಹೌದೋ ಅಲ್ಲವೋ ತಿಳಿಯಲಿ ಅಂತ. ಅಲ್ಲವೆಂದು ಪ್ರಾಮಾಣಿಕವಾಗಿ ತಿಳಿದುಕೊಂಡವನೂ ದೇವರಿಗೆ ಕಿವಿಗೊಟ್ಟವನೇ.

ಇನ್ನು ಮನೆಯ ಋಣದ ಮಾತು. ವಯಸ್ಸಾದ ತಾಯಿಗೆ ಬೇರೆ ದಿಕ್ಕಿಲ್ಲ, ಆಗಲೂ ಮಗ ಹೋಗಬೇಕೆ? ಇದಕ್ಕೆ ಸಂತ ತೋಮಾಸ್ ಅಕ್ವಿನಾಸರು ನೇರ ಉತ್ತರ ಕೊಟ್ಟಿದ್ದಾರೆ. ಅವರು ಅರಸೀಕೆರೆಯ ಈಶ್ವರ ದೇವಸ್ಥಾನ ಎದ್ದ ೧೩ನೇ ಶತಮಾನದವರೇ. ಮಕ್ಕಳ ಆಸರೆ ಇಲ್ಲದೆ ತಂದೆತಾಯಿ ಬದುಕುವುದು ಕಷ್ಟವೆಂದರೆ ಅವರನ್ನು ಬಿಟ್ಟು ಮಠ ಸೇರುವಂತಿಲ್ಲ ಎನ್ನುತ್ತಾರೆ. ದೇವರಿಗೆ ಮುಡಿಪು ಎಂದು ನೆಪ ಹೇಳಿ ಹೆತ್ತವರ ಕೈಬಿಡುವವರನ್ನು ಯೇಸುಸ್ವಾಮಿಯೂ ಗದರಿಸಿದ್ದಾರೆ. ೧೯೮೩ರ ಧರ್ಮಸಭೆಯ ಕಾನೂನಿನಲ್ಲಿ, ತೀರಿಸಲಾಗದ ಸಾಲ ಹೊತ್ತವರನ್ನು ಮಠಕ್ಕೆ ಸೇರಿಸಿಕೊಳ್ಳಬಾರದೆಂದೂ ಇದೆ. ಅಂದರೆ ಮಠವು ತಪ್ಪಿಸಿಕೊಳ್ಳುವ ಜಾಗವಲ್ಲ. ಆದರೆ ಬೇರೆ ಆಸರೆ ಇದ್ದೂ ಹೆತ್ತವರು ಬರೀ ಮಮತೆಯಿಂದ ಕಟ್ಟಿಹಾಕಿದರೆ, ಅದೂ ಸರಿಯಲ್ಲ.

ಹೋದಮೇಲೆ ಫಲ ಸಿಗದಿದ್ದರೆ? ಹಾಸನದ ಸೀಮೆಯವರು ಅಬ್ಬೆ ದುಬುವಾ ಅವರನ್ನು ನೆನೆಯಬೇಕು. ಅವರು ೧೭೯೨ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಫ್ರಾನ್ಸ್ ಬಿಟ್ಟು ಹೊರಟರು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಗೆ ಬಂದು, ಇಲ್ಲಿಯವರಂತೆಯೇ ಉಟ್ಟು, ಉಂಡು ಬಾಳಿದರು. ಹಾಸನದ ಬಳಿ ಸಾತಳ್ಳಿಯಲ್ಲಿ ಬಡ ಕ್ರೈಸ್ತರನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ೧೮೦೩-೦೪ರಲ್ಲಿ ೨೫ ಸಾವಿರಕ್ಕೂ ಹೆಚ್ಚು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದರು. ಆದರೂ ೧೮೨೩ರಲ್ಲಿ ಫ್ರಾನ್ಸಿಗೆ ಮರಳಿದಾಗ, ಇಷ್ಟು ವರ್ಷಕ್ಕೆ ಧರ್ಮಕ್ಕೆ ತಂದದ್ದು ಇನ್ನೂರು ಮುನ್ನೂರು ಜನ ಮಾತ್ರ, ತನ್ನ ದುಡಿಮೆ ವ್ಯರ್ಥವಾಯಿತೆಂದು ಬರೆದರು.

ಅವರ ಲೆಕ್ಕ ಸುಳ್ಳಲ್ಲ. ಬಂದ ಕೆಲಸ ಅವರೆಣಿಸಿದಂತೆ ಆಗಲಿಲ್ಲ, ನಿಜ. ಆದರೆ ಲಸಿಕೆಯಿಂದ ಉಳಿದ ಕೂಸಿನ ತಾಯಿಯನ್ನು ಕೇಳಿದ್ದರೆ ಬೇರೆ ಲೆಕ್ಕ ಹೇಳುತ್ತಿದ್ದಳು. ಕರೆದವನು ಫಲದ ಲೆಕ್ಕಪುಸ್ತಕವನ್ನು ಆಳಿನ ಕೈಗೆ ಕೊಡುವುದಿಲ್ಲ, ಆ ದಿನದ ಕೆಲಸ ಮಾತ್ರ ಕೊಡುತ್ತಾನೆ.

ಆದ್ದರಿಂದ ಭಕ್ತಾದಿಗಳೇ, ಮನೆಯಲ್ಲಿ ಯಾರಾದರೂ ಇಂಥ ಮಾತೆತ್ತಿದರೆ ಕೂಡಲೇ ಗದರಬೇಡಿ, ಹಾರ ಹಾಕಿ ಮೆರೆಸಲೂ ಬೇಡಿ. ಕೂರಿಸಿ ಕೇಳಿ. ಹಿರಿಯರ ಹತ್ತಿರ ಕಳಿಸಿ. ಮನೆಯ ಋಣ ತೀರಿದೆಯೇ ನೋಡಿ. ನಾಲ್ಕು ದಿನ ಕಾಯಿರಿ. ಕರೆ ನಿಜವಾಗಿದ್ದರೆ ಸಮುವೇಲನಿಗೆ ಆದಂತೆ ಮತ್ತೆ ಮತ್ತೆ ಕೇಳಿಸುತ್ತದೆ. ಆಗ ಹರಸಿ ಕಳಿಸಿಕೊಡಿ. ಹೋಗುವವರದು ಎಷ್ಟು ದೊಡ್ಡ ತ್ಯಾಗವೋ, ಬಾಗಿಲಲ್ಲಿ ನಿಂತು ಕಳಿಸಿಕೊಡುವವರದೂ ಅಷ್ಟೇ ದೊಡ್ಡದು.